ಜಪಾನಿ ಡ್ರಾಮಾ ಎಲ್ಲಿಂದ ಶುರು ಮಾಡಲಿ? ಎರಡು ನೋಡಿದೆ, ಮನಸ್ಸಿಗೆ ಹತ್ತಲಿಲ್ಲ

ಹೊಳೆಸಾಲು

ಎಲ್ಲರಿಗೂ ನಮಸ್ಕಾರ. ಲಾಕ್‌ಡೌನ್ ಕಾಲದಿಂದ ಕೊರಿಯನ್ ಸೀರಿಯಲ್ ನೋಡ್ತಾ ಬಂದವಳು ನಾನು. ಅಮ್ಮನೂ ಜೊತೆಗೆ ಕೂರ್ತಾರೆ. ಸಬ್‌ಟೈಟಲ್ ಓದಿ ಅವರಿಗೆ ಕನ್ನಡದಲ್ಲಿ ಹೇಳೋದು ನನ್ನ ಕೆಲಸ. ಈಚೆಗೆ ಆಫೀಸಿನ ಗೆಳತಿಯೊಬ್ಬಳು, ಕೊರಿಯಾ ಸಾಕು, ಜಪಾನಿನದು ನೋಡು ಅಂತ ಬೆನ್ನು ಹತ್ತಿದ್ದಳು. ಎರಡು ನೋಡಿದೆ.

ಮೊದಲನೆಯದು ಹಾನ್ಜಾವಾ ನಾವೊಕಿ, ಬ್ಯಾಂಕಿನ ಕಥೆ. ಕಥೆ ಬಿಗಿಯಾಗಿದೆ, ಒಪ್ಪುತ್ತೇನೆ. ಆದರೆ ಎಲ್ಲರೂ ಯಾಕೆ ಅಷ್ಟು ಕಿರುಚುತ್ತಾರೆ? ಮುಖಕ್ಕೆ ಮುಖ ತಾಗಿಸಿ, ಕಣ್ಣು ಅರಳಿಸಿ, ಹಲ್ಲು ಕಡಿದು ಮಾತಾಡ್ತಾರೆ. ಎರಡನೆಯದು ಮಿಡ್‌ನೈಟ್ ಡೈನರ್. ಇದು ಅದಕ್ಕೆ ಪೂರ್ತಿ ಉಲ್ಟಾ. ಇಪ್ಪತ್ತೈದು ನಿಮಿಷಕ್ಕೆ ಮುಗಿದೇ ಹೋಯ್ತು. ಏನಾಯ್ತೇ ಅಂತ ಅಮ್ಮ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾರೋ ಬಂದರು, ತಿಂದರು, ಹೋದರು.

ಇದನ್ನು ಇಷ್ಟಪಟ್ಟು ನೋಡುವವರು ಇಲ್ಲಿದ್ದರೆ ಹೇಳಿ. ಇದರಲ್ಲಿ ನೀವು ಏನು ನೋಡ್ತೀರಿ? ಯಾಕೆ ಎಲ್ಲವೂ ಹತ್ತು ಹನ್ನೊಂದು ಎಪಿಸೋಡಿಗೆ ನಿಂತುಬಿಡುತ್ತೆ? ಅಮ್ಮನ ಜೊತೆ ಕೂತು ನೋಡುವಂಥದ್ದು ಒಂದು ಹೇಳಿ. ಅವರಿಗೆ ಕಥೆ ಬೇಕು, ಮನುಷ್ಯರು ಬೇಕು. ಪಿಸ್ತೂಲು, ದೆವ್ವ ಬೇಡ.

ಹುಬ್ಬಳ್ಳಿ ಮಂದಿ

ಹಾನ್ಜಾವಾಗ ಹಂಗ ಅನಬ್ಯಾಡ್ರಿ ಅಕ್ಕಾರ. ನಾನೂ ಬ್ಯಾಂಕಿನಾಗ ಇದ್ದು ರಿಟೈರ್ ಆದಾಂವ. ಆ ಕಥಿ ನನಗ ಒಳಗ ಹೊಕ್ಕದ. ಒಸಾಕಾ ಬ್ರಾಂಚಿನಾಗ ಒಂದು ಸ್ಟೀಲ್ ಕಂಪನಿಗೆ 50 ಕೋಟಿ ಯೆನ್ ಸಾಲ ಕೊಡ್ಸಾಂವ ಬ್ರಾಂಚ್ ಮ್ಯಾನೇಜರ್. ಕಾಗದ ಸರಿ ನೋಡಾಕ ಟೈಮೂ ಕೊಡಂಗಿಲ್ಲ. ಕಂಪನಿ ಮುಳುಗಿದ ಮ್ಯಾಲೆ ತಪ್ಪೆಲ್ಲಾ ಕೆಳಗಿನಾಂವ ಹಾನ್ಜಾವಾನ ತಲಿಮ್ಯಾಲೆ. ವಿಚಾರಣಿ ಮೀಟಿಂಗಿನಾಗ ಅಂವ ಒಬ್ಬನ ನಿಂತು, ಇದು ನನ್ನ ತಪ್ಪಲ್ಲ ಅಂತ ಹೇಳ್ತಾನಲ್ಲ, ನಾವು ನೌಕರಿಯೊಳಗ ಇದ್ದಾಗ ಆ ಮಾತು ಬಾಯಿತನಕ ಬಂದು ನುಂಗಿದವರು ಎಷ್ಟು ಮಂದಿ ಇದ್ವಿ.

ಮತ್ತ ಆ ಕಥಿಯೊಳಗ ಎಲ್ಲಾರಿಗೂ ಒಂದ ಹೆದರಿಕಿ. ಬ್ಯಾಂಕಿನಿಂದ ಎತ್ತಿ ಯಾವುದೋ ಸಣ್ಣ ಕಂಪನಿಗೆ ಕಳಿಸ್ತಾರ, ಅಲ್ಲಿಂದ ತಿರುಗಿ ಬರೋದು ಇಲ್ಲ. ಕೆಲಸ ಹೋಗಂಗಿಲ್ಲ, ಪಗಾರ ಬರ್ತದ, ಆದ್ರ ಮನುಷ್ಯಾ ಮುಗದಂಗ. 2013ರಾಗ ಅದರ ಕೊನೀ ಎಪಿಸೋಡಿಗೆ ಟೋಕಿಯೋ ಸೀಮಿಯೊಳಗ 42.2 ಪರ್ಸೆಂಟ್ ರೇಟಿಂಗ್ ಬಂದಿತ್ತು. ಅಷ್ಟು ಮಂದಿ ಸುಮ್ನ ನೋಡಂಗಿಲ್ರಿ. ಕೊನೀ ಸೀನ್ ತನಕ ನೋಡ್ರಿ, ಏನಾಗ್ತದ ಅಂತ ನಾ ಹೇಳಂಗಿಲ್ಲ.

ನೈಟ್ ಡ್ಯೂಟಿ

ಹೊಳೆಸಾಲು ಅವರೇ, ನಿಮ್ಮ ಪ್ರಶ್ನೆ ಓದಿ ಖುಷಿಯಾಯ್ತು. ಇದರ ಬಗ್ಗೆ ಮಾತಾಡೋಕೆ ನನಗೆ ಜನ ಸಿಗೋದೇ ಕಮ್ಮಿ. ನಾನು ಮೈಸೂರಿನಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದು, ಸ್ನಾನ ತಿಂಡಿ ಆದಮೇಲೂ ಒಂದೊಂದು ದಿನ ಕಣ್ಣು ಮುಚ್ಚಲ್ಲ. ಮಕ್ಕಳು ಸ್ಕೂಲಿಗೆ ಹೋಗಿರ್ತಾರೆ, ಮನೆಯವರು ಕೆಲಸಕ್ಕೆ. ಪರದೆ ಎಳೆದು, ಸೌಂಡ್ ಕಮ್ಮಿ ಇಟ್ಟು ನೋಡ್ತಾ ಕೂರೋ ಆ ಒಂದು ಗಂಟೆ ನನ್ನದು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೀತೀನಿ, ಬೇಜಾರಾಗಬೇಡಿ.

ಮೊದಲು ಕಿರುಚಾಟದ ವಿಷಯ. ಅಲ್ಲಿ ಯಾವ ವಾರ, ಎಷ್ಟು ಗಂಟೆಗೆ, ಯಾವ ಚಾನೆಲ್ಲಿನಲ್ಲಿ ಬರುತ್ತೆ ಅನ್ನೋದರ ಮೇಲೆ ಡ್ರಾಮಾದ ಗುಣ ನಿಂತಿರುತ್ತೆ. ಹಾನ್ಜಾವಾ ಬಂದಿದ್ದು ಟಿಬಿಎಸ್ ಚಾನೆಲ್ಲಿನ ಭಾನುವಾರ ರಾತ್ರಿ ಒಂಬತ್ತರ ಜಾಗದಲ್ಲಿ. ಮಾರನೇ ದಿನ ಆಫೀಸಿಗೆ ಹೋಗಬೇಕಾದ ಮನೆಮಂದಿಯೆಲ್ಲ ಕೂತು ನೋಡುವ ಹೊತ್ತು ಅದು. ಅನ್ಯಾಯ ದೊಡ್ಡದಾಗಿರಬೇಕು, ಸೇಡೂ ದೊಡ್ಡದಾಗಿರಬೇಕು. ತೆರಿಗೆ ಅಧಿಕಾರಿಯಾಗಿ ಬರುವ ಕಟಾವೊಕಾ ಐನೊಸುಕೆ ಕಬುಕಿ ಅನ್ನೋ ಅಲ್ಲಿನ ಸಾಂಪ್ರದಾಯಿಕ ರಂಗಭೂಮಿಯವರು. ಅವರ ಕಣ್ಣು, ಕತ್ತು, ದನಿಯ ಏರಿಳಿತ ಎಲ್ಲ ಅಲ್ಲಿಂದ ಬಂದದ್ದು. ನಮ್ಮಲ್ಲಿ ಕಂಪನಿ ನಾಟಕದ ಖಳನಾಯಕ ಹಿಂದಿನ ಸಾಲಿನವರಿಗೂ ಕೇಳುವಂತೆ ಗುಡುಗಿದಾಗ ಇವನ್ಯಾಕೆ ಕಿರುಚ್ತಾನೆ ಅಂತ ಯಾರೂ ಕೇಳ್ತಿರಲಿಲ್ಲವಲ್ಲ, ಹಾಗೇ ನೋಡಿ. ಮಿಡ್‌ನೈಟ್ ಡೈನರ್ ಶುರುವಾದದ್ದು ಮಧ್ಯರಾತ್ರಿ ದಾಟಿದ ಮೇಲಿನ ಜಾಗದಲ್ಲಿ. ಆ ಹೊತ್ತಿನಲ್ಲಿ ಒಬ್ಬರೇ ಕೂತು ನೋಡುವವರಿಗೆ ಯಾರೂ ಕಿರುಚಬೇಕಾಗಿಲ್ಲ. ಫುಜಿ ಟಿವಿಯ ಸೋಮವಾರ ಒಂಬತ್ತು ಗಂಟೆ ಅಂದರೆ ಬಹಳ ವರ್ಷ ಪ್ರೀತಿಯ ಕಥೆಗಳಿಗೆ ಹೆಸರಾದದ್ದು. ಇವನ್ನೆಲ್ಲ ಸೇರಿಸಿ ಜಪಾನಿ ಡ್ರಾಮಾ ಅಂದರೆ ಹೀಗೆ ಅಂತ ಹೇಳೋಕೆ ಆಗಲ್ಲ.

ಹತ್ತು ಹನ್ನೊಂದು ಎಪಿಸೋಡು ಯಾಕೆ ಅಂದರೆ, ಅಲ್ಲಿನ ಚಾನೆಲ್ಲುಗಳು ವರ್ಷಕ್ಕೆ ನಾಲ್ಕು ಸಲ ಕಾರ್ಯಕ್ರಮ ಬದಲಾಯಿಸುತ್ತವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ವಾರಕ್ಕೊಂದು ಎಪಿಸೋಡ್, ಮೂರು ತಿಂಗಳಿಗೆ ಕಥೆ ಮುಗೀಬೇಕು. ಚೆನ್ನಾಗಿ ಓಡ್ತಿದೆ ಅಂತ ಎಳೆಯೋ ಹಾಗಿಲ್ಲ, ಮುಂದಿನ ತಂಡ ಬಾಗಿಲಲ್ಲಿ ನಿಂತಿರುತ್ತೆ. ನಮ್ಮ ಸಂಜೆ ಸೀರಿಯಲ್ಲಿನಲ್ಲಿ ಒಂದು ಸತ್ಯ ಹೇಳೋಕೆ ಹೊರಟ ಸೊಸೆಗೆ ಆರು ತಿಂಗಳು ಬಾಯಿ ಕಟ್ಟಿರ್ತಾರೆ. ನನ್ನ ಅತ್ತೆ ಅದನ್ನು ನೋಡೋವಾಗ ಆ ಪಾತ್ರ ಮಾಡಿದ ಹುಡುಗಿಯ ಮೇಲೇ ನನಗೆ ಮರುಕ ಬರುತ್ತೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದು. ನಟ ನಟಿಯರನ್ನು ನೋಡಿ ಆರಿಸಬೇಡಿ, ಬರೆದವರ ಹೆಸರು ನೋಡಿ ಆರಿಸಿ. ಅಲ್ಲಿ ಒಂದು ಡ್ರಾಮಾವನ್ನು ಸಾಮಾನ್ಯವಾಗಿ ಒಬ್ಬರೇ ಕೂತು ಮೊದಲಿಂದ ಕೊನೆತನಕ ಬರೀತಾರೆ. ಹೊಸದು ಬರುತ್ತೆ ಅಂದ ತಕ್ಷಣ ಜನ ಕೇಳೋದು ಬರೆದೋರು ಯಾರು ಅಂತ. ಒಂದು ಕಾಲಕ್ಕೆ ನಾವೂ ಟಿ.ಎನ್. ಸೀತಾರಾಂ ಅವರ ಸೀರಿಯಲ್ ಅಂತಲೇ ಹೇಳಿ ನೋಡ್ತಿದ್ದೆವಲ್ಲ. ಫುಜಿ ಟಿವಿ ಹೊಸ ಬರಹಗಾರರಿಗೆ ಅಂತಲೇ ಒಂದು ಚಿತ್ರಕಥೆ ಸ್ಪರ್ಧೆ ನಡೆಸುತ್ತೆ. 1987ರಲ್ಲಿ ಅದರ ಮೊದಲ ಬಹುಮಾನ ಪಡೆದ ಸಾಕಾಮೊತೊ ಯೂಜಿಗೆ ಆಗ ಹತ್ತೊಂಬತ್ತು ವರ್ಷ. ಅದೇ ಮನುಷ್ಯ 1991ರಲ್ಲಿ ಟೋಕಿಯೋ ಲವ್ ಸ್ಟೋರಿ ಬರೆದರು, 2010ರಲ್ಲಿ ಮದರ್, 2017ರಲ್ಲಿ ಕ್ವಾರ್ಟೆಟ್. 2023ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮಾನ್‌ಸ್ಟರ್ ಸಿನಿಮಾಕ್ಕೆ ಅತ್ಯುತ್ತಮ ಚಿತ್ರಕಥೆ ಪ್ರಶಸ್ತಿ ಬಂದದ್ದೂ ಇವರಿಗೇ. 2010ರಲ್ಲಿ ಅದೇ ಸ್ಪರ್ಧೆಯಿಂದ ಬಂದವರು ನೋಗಿ ಅಕಿಕೊ. ನನ್ನ ಮಟ್ಟಿಗೆ ಈಗ ಇವರಷ್ಟು ಚೆನ್ನಾಗಿ ಟಿವಿಗೆ ಬರೆಯೋರು ಇನ್ನೊಬ್ಬರಿಲ್ಲ.

ನೋಗಿ ಬರೆದ ಅನ್‌ನ್ಯಾಚುರಲ್ ನೀವು ನೋಡಲೇಬೇಕು. ಅನುಮಾನಾಸ್ಪದ ಸಾವುಗಳ ಮರಣೋತ್ತರ ಪರೀಕ್ಷೆ ಮಾಡೋ ಒಂದು ಲ್ಯಾಬಿನ ಕಥೆ, ಹತ್ತೇ ಎಪಿಸೋಡು. ಜಪಾನಿನಲ್ಲಿ ಸಂಶಯದ ಸಾವುಗಳಲ್ಲೂ ಬಹುಪಾಲು ದೇಹಗಳನ್ನು ತೆರೆದು ನೋಡದೆಯೇ ಸುಟ್ಟುಬಿಡ್ತಾರೆ ಅನ್ನೋದೇ ಕಥೆಯ ಬುಡ. ಶವ ಅಂದ ಕೂಡಲೇ ಅಮ್ಮನಿಗೆ ಬೇಡ ಅನ್ನಬೇಡಿ. ರಕ್ತ ತೋರಿಸಿ ಹೆದರಿಸೋ ಉದ್ದೇಶ ಅದಕ್ಕಿಲ್ಲ.

ಮೊದಲ ಎಪಿಸೋಡನ್ನೇ ತಗೊಳ್ಳಿ. ಒಬ್ಬ ಹುಡುಗ ದಿಢೀರ್ ಸಾಯ್ತಾನೆ. ಹೃದಯದ ತೊಂದರೆ ಅಂತ ಬರೆದಿರ್ತಾರೆ, ಅಪ್ಪ ಅಮ್ಮ ಒಪ್ಪಲ್ಲ. ಹುಡುಕ್ತಾ ಹೋದರೆ ಮರ್ಸ್ ಅನ್ನೋ ಕೊರೋನಾ ವೈರಸ್. ಅವನು ಕೆಲಸದ ಮೇಲೆ ಸೌದಿ ಅರೇಬಿಯಾಕ್ಕೆ ಹೋಗಿ ಬಂದಿರ್ತಾನೆ. ಮುಗೀತು, ಊರಿಗೆಲ್ಲ ರೋಗ ತಂದವನು ಇವನೇ ಅಂತ ಟಿವಿ, ಪೇಪರು, ಬೀದಿ ಎಲ್ಲ ಸೇರಿ ಸತ್ತವನ ಅಪ್ಪ ಅಮ್ಮನ ಮೇಲೆ ಮುಗಿಬೀಳ್ತಾರೆ. ಇದು ಪ್ರಸಾರವಾದದ್ದು 2018ರ ಜನವರಿಯಲ್ಲಿ. ನಾನು ನೋಡಿದ್ದು ಕೋವಿಡ್ ವಾರ್ಡಿನ ಡ್ಯೂಟಿ ಎಲ್ಲ ಮುಗಿದ ಮೇಲೆ. ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತುಕೊಂಡೆ. ನನಗೆ ಪಿಪಿಇ ಕಿಟ್ ನೆನಪಾಗಲಿಲ್ಲ. ಬಾಡಿಗೆ ಮನೆ ಖಾಲಿ ಮಾಡು ಅಂತ ಹೇಳಿಸಿಕೊಂಡ ನಮ್ಮ ವಾರ್ಡಿನ ಹುಡುಗಿಯ ಮುಖ ನೆನಪಾಯ್ತು. ಆಮೇಲೆ ಬಂದು ಪೂರ್ತಿ ನೋಡಿದೆ. ಮಿಸುಮಿ ಮಿಕೊತೊ ಅನ್ನೋ ಆ ಡಾಕ್ಟರ್ ಅಷ್ಟಕ್ಕೇ ಬಿಡಲ್ಲ. ತಾರೀಖುಗಳನ್ನು ಎದುರಿಗಿಟ್ಟುಕೊಂಡು, ಅವನಿಗೆ ಸೋಂಕು ತಗುಲಿದ್ದು ನಿಜವಾಗಿ ಎಲ್ಲಿ ಅಂತ ಕೆದಕ್ತಾಳೆ. ಮುಂದಿನದು ನೀವೇ ನೋಡಿ.

ಆ ಪಾತ್ರದ ಬಗ್ಗೆ ಇನ್ನೊಂದು. ಚಿಕ್ಕವಳಿದ್ದಾಗ ಅವಳ ಮನೆಯಲ್ಲಿ ಭೀಕರವಾದದ್ದು ನಡೆದಿರುತ್ತೆ. ನಮ್ಮಲ್ಲಾದರೆ ಅದನ್ನೇ ಫ್ಲ್ಯಾಶ್‌ಬ್ಯಾಕ್ ಮಾಡಿ ಪಿಟೀಲು ಹಾಕಿ ಎಳೀತಿದ್ದರು. ನೋಗಿ ಅವಳನ್ನು ಪರಿಚಯಿಸೋದು ಬೆಳಿಗ್ಗೆ ಲಾಕರ್ ರೂಮಿನಲ್ಲಿ ಕೂತು ಅನ್ನದ ಮೇಲೆ ತೆಂಪುರಾ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದದ್ದನ್ನು ಇಟ್ಟ ಬಟ್ಟಲನ್ನು ಗಬಗಬ ತಿನ್ನೋದರಿಂದ. ಶವಾಗಾರದ ಪಕ್ಕದಲ್ಲಿ ಹೇಗೆ ತಿಂತಾರೆ ಅಂತ ಕೇಳೋರು ಇರಬಹುದು. ನಾವು ತಿಂತೀವಿ. ಎರಡು ಕೇಸಿನ ನಡುವೆ ಸಿಕ್ಕ ಐದು ನಿಮಿಷದಲ್ಲಿ ಚಿತ್ರಾನ್ನದ ಡಬ್ಬಿ ತೆರೆದು ನಿಂತೇ ತಿಂದಿದ್ದೀವಿ. ಅದು ಕಲ್ಲುಮನಸ್ಸಲ್ಲ. ಹಾಗೆ ತಿನ್ನೋರನ್ನು ಟಿವಿಯಲ್ಲಿ ಯಾವ ತೀರ್ಪೂ ಇಲ್ಲದೆ ತೋರಿಸಿದ್ದನ್ನು ನಾನು ಮೊದಲು ಕಂಡದ್ದು ಅಲ್ಲೇ.

ಇದೇ ನೋಗಿ 2016ರಲ್ಲಿ ನಿಗೇಹಾಜಿ ಅನ್ನೋದನ್ನೂ ಬರೆದಿದ್ದಾರೆ. ಪೂರ್ತಿ ಹೆಸರು ಉದ್ದ, ಎಲ್ಲರೂ ಹೀಗೇ ಕರೆಯೋದು. ಓದಿದ ಹುಡುಗಿಗೆ ಕೆಲಸ ಇಲ್ಲ, ಒಬ್ಬ ಎಂಜಿನಿಯರ್ ಮನೆಯ ಅಡುಗೆ, ಕಸ, ಬಟ್ಟೆ ನೋಡಿಕೊಳ್ತಾಳೆ. ಇಬ್ಬರೂ ಒಪ್ಪಂದ ಮಾಡಿಕೊಂಡು ಮದುವೆಯಾದಂತೆ ಬದುಕ್ತಾರೆ. ತಿಂಗಳಿಗೆ 1,94,000 ಯೆನ್ ಸಂಬಳ, ಕೆಲಸದ ಗಂಟೆ, ಓವರ್‌ಟೈಮ್ ಎಲ್ಲ ಲೆಕ್ಕ ಹಾಕಿ ಕಾಗದದ ಮೇಲೆ ಬರೆದುಕೊಳ್ತಾರೆ. ಆಮೇಲೆ ಪ್ರೀತಿ ಹುಟ್ಟುತ್ತೆ, ಅವನು ನಿಜವಾಗಿ ಮದುವೆಯಾಗೋಣ ಅಂತಾನೆ. ಮದುವೆಯಾದರೆ ಸಂಬಳ ಉಳಿಯುತ್ತೆ ಅನ್ನೋ ಲೆಕ್ಕವನ್ನೂ ತೋರಿಸ್ತಾನೆ. ಅವಳು ಖುಷಿಪಡಬೇಕಾದ ಜಾಗದಲ್ಲಿ ನೇರವಾಗಿ ಹೇಳ್ತಾಳೆ, ಪ್ರೀತಿ ಇದೆ ಅಂತ ಪುಕ್ಕಟೆ ದುಡಿಸಿಕೊಳ್ಳೋದು ಶೋಷಣೆ ಅಂತ. ನಗಿಸ್ತಾ ನಗಿಸ್ತಾ ಅಲ್ಲಿಗೆ ತಂದು ನಿಲ್ಲಿಸ್ತಾರೆ. ಹೊರಗೆ ದುಡಿದು ಬಂದು ಮನೆಯಲ್ಲೂ ದುಡಿಯೋ ಯಾವ ಹೆಂಗಸೂ ಆ ಸೀನನ್ನು ಸುಮ್ಮನೆ ನೋಡಿ ಎದ್ದು ಹೋಗಲಾರಳು.

ಸಾಕಾಮೊತೊ ಬರೆದದ್ದರಲ್ಲಿ ನನ್ನ ಹೃದಯಕ್ಕೆ ಹತ್ತಿರದ್ದು ಕ್ವಾರ್ಟೆಟ್. ನಾಲ್ಕು ಜನ ಸಂಗೀತಗಾರರು ಕರುಯಿಜಾವಾ ಅನ್ನೋ ತಂಪು ಊರಿನ ಒಂದು ಮನೆಯಲ್ಲಿ ಒಟ್ಟಿಗೆ ಇರ್ತಾರೆ. ವಯಸ್ಸು ಮೂವತ್ತು ದಾಟಿದೆ, ಯಾರಿಗೂ ಹೆಸರು ಬಂದಿಲ್ಲ. ಮೊದಲ ಎಪಿಸೋಡಿನಲ್ಲೇ ಊಟಕ್ಕೆ ಕೂತಾಗ ಕರಿದ ಕೋಳಿಯ ತಟ್ಟೆ ಬರುತ್ತೆ. ಇಬ್ಬರು ಕೇಳದೇ ಎಲ್ಲದರ ಮೇಲೂ ನಿಂಬೆಹಣ್ಣು ಹಿಂಡಿಬಿಡ್ತಾರೆ. ಇನ್ನೊಬ್ಬ, ನನಗೆ ನಿಂಬೆ ಬೇಡವಾಗಿತ್ತು, ಯಾಕೆ ಕೇಳಲಿಲ್ಲ ಅಂತ ಶುರು ಮಾಡ್ತಾನೆ. ನಿಮಿಷಗಟ್ಟಲೆ ಅದೇ ಜಗಳ. ನಿಮ್ಮಂಥ ಹೊಸಬರು ಫಾರ್ವರ್ಡ್ ಮಾಡೋದು ಇಲ್ಲೇ. ದಯವಿಟ್ಟು ಮಾಡಬೇಡಿ. ಮುಂದೆ ಒಂದು ಮದುವೆ ಯಾಕೆ ಮುರಿದುಬಿತ್ತು ಅನ್ನೋದರ ಗುಟ್ಟು ಆ ನಿಂಬೆಹಣ್ಣಿನಲ್ಲೇ ಇದೆ.

ಮೂರನೇ ಎಪಿಸೋಡಿನ ಒಂದು ಸೀನ್ ಹೇಳ್ತೀನಿ, ಇದನ್ನು ಹೇಳಿದರೆ ಕಥೆ ಕೆಡಲ್ಲ. ಚೆಲ್ಲೋ ನುಡಿಸುವ ಸುಜುಮೆಗೆ ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾರೆ ಅಂತ ಸುದ್ದಿ ಬಂದಿದೆ. ಚಿಕ್ಕವಳಿದ್ದಾಗ ಅವಳನ್ನು ಅತೀಂದ್ರಿಯ ಶಕ್ತಿ ಇರೋ ಹುಡುಗಿ ಅಂತ ಟಿವಿಯಲ್ಲಿ ನಿಲ್ಲಿಸಿ ಮೋಸ ಮಾಡಿಸಿದ್ದ ಅಪ್ಪ ಅವನು. ಆ ಹೆಸರು ಜೀವನಪೂರ್ತಿ ಅವಳ ಬೆನ್ನಿಗಿದೆ. ಆಸ್ಪತ್ರೆಯ ಹತ್ತಿರದವರೆಗೆ ಬರ್ತಾಳೆ, ಒಳಗೆ ಹೋಗಲ್ಲ. ಎದುರಿನ ಸಣ್ಣ ಹೋಟೆಲ್ಲಿನಲ್ಲಿ ಗೆಳತಿ ಮಾಕಿ ಜೊತೆ ಊಟಕ್ಕೆ ಕೂತಿರ್ತಾಳೆ. ಅಷ್ಟರಲ್ಲಿ ಅಪ್ಪ ತೀರಿಕೊಂಡಿರ್ತಾನೆ. ಹೋಗಬೇಕಾ, ಅಪ್ಪ ಅಲ್ವಾ, ಹೋಗದಿದ್ದರೆ ತಪ್ಪಾ ಅನ್ನೋ ತೊಳಲಾಟದಲ್ಲಿರುವ ಅವಳ ಕೈ ಹಿಡಿದು ಮಾಕಿ ಹೇಳ್ತಾಳೆ, ಹೋಗಬೇಕಾಗಿಲ್ಲ, ಇದನ್ನು ತಿಂದು ನಮ್ಮ ಮನೆಗೆ ಹೋಗೋಣ ಅಂತ. ಆಮೇಲೆ ಸುಜುಮೆ ಅಳ್ತಾ ಅಳ್ತಾ ಅನ್ನ ತಿಂತಾಳೆ. ಅಳ್ತಾ ಉಂಡವರು ಬದುಕಿಕೊಳ್ತಾರೆ ಅಂತ ಮಾಕಿ ಅವಳಿಗೆ ಹೇಳೋ ಮಾತು ಜಪಾನಿನಲ್ಲಿ ಬಹಳ ಜನರ ಬಾಯಲ್ಲಿದೆ.

ವಾರ್ಡಿನಲ್ಲಿ ಇದನ್ನು ನಾನು ನೋಡ್ತಾನೇ ಇರ್ತೀನಿ. ಬೆಡ್ ಮೇಲೆ ಒಬ್ಬ ಅಜ್ಜ, ಫೋನ್ ಮಾಡಿದರೆ ಮಗ ಬರಲ್ಲ. ಪಕ್ಕದ ಬೆಡ್ಡಿನ ಅಟೆಂಡರ್‌ಗಳೆಲ್ಲ ಸೇರಿ, ಎಂಥಾ ಮಗನಪ್ಪಾ, ಹೆತ್ತವರನ್ನ ಹೀಗೆ ಬಿಟ್ಟನಲ್ಲಾ ಅಂತಾರೆ. ಆ ಮಗನಿಗೆ ಆ ಅಜ್ಜ ಏನು ಮಾಡಿದ್ದ ಅಂತ ಯಾರಿಗೂ ಗೊತ್ತಿರಲ್ಲ. ನಮ್ಮ ಸಿನಿಮಾ, ಸೀರಿಯಲ್ಲು ಯಾವುದನ್ನೇ ನೋಡಿ, ಕೊನೇ ಗಳಿಗೆಯಲ್ಲಿ ಮಗಳು ಓಡಿ ಬಂದು ಅಪ್ಪನ ಕಾಲು ಹಿಡೀಬೇಕು. ಹಿಡಿಯದೇ ಇರೋ ಹಕ್ಕನ್ನು ಒಬ್ಬ ಬರಹಗಾರ ಮಗಳಿಗೆ ಕೊಟ್ಟಿದ್ದನ್ನು ನಾನು ನೋಡಿದ್ದು ಅಲ್ಲಿ. ಅದಕ್ಕೆ ಬೇಕಾದದ್ದು ಇಬ್ಬರು ಹೆಂಗಸರು, ಎರಡು ಬಟ್ಟಲು ಊಟ, ಒಂದು ಮೇಜು. ಹಿಂದೆ ಸಂಗೀತವೂ ಜೋರಿಲ್ಲ.

ಮಿಡ್‌ನೈಟ್ ಡೈನರ್ ಬಗ್ಗೆಯೂ ಹೇಳಿಬಿಡ್ತೀನಿ. ಯಾರೋ ಬಂದರು, ತಿಂದರು, ಹೋದರು ಅಂದಿರಿ. ಸರಿಯಾಗೇ ಹೇಳಿದಿರಿ. ಆ ಅಂಗಡಿಯ ಬಾಗಿಲು ತೆರೆಯೋದು ರಾತ್ರಿ ಹನ್ನೆರಡಕ್ಕೆ, ಮುಚ್ಚೋದು ಬೆಳಿಗ್ಗೆ ಏಳಕ್ಕೆ ಅಂದರೆ ಪೂರ್ತಿ ನನ್ನ ಡ್ಯೂಟಿ ಟೈಮು. ಬೋರ್ಡಿನ ಮೇಲೆ ಇರೋ ತಿಂಡಿ ಒಂದೇ, ಹಂದಿಮಾಂಸ ಹಾಕಿದ ಮಿಸೊ (ಹುಳಿಬರಿಸಿದ ಸೋಯಾ) ಸಾರು. ಉಳಿದಂತೆ ಬಿಯರ್, ಮತ್ತೆ ಸಾಕೆ, ಶೋಚು ಅನ್ನೋ ಅಲ್ಲಿನ ಮದ್ಯಗಳು. ಬೇರೆ ಏನು ಕೇಳಿದರೂ, ಸಾಮಾನು ಇದ್ದರೆ ಮಾಲೀಕ ಮಾಡಿಕೊಡ್ತಾನೆ. 2009ರ ಮೊದಲ ಎಪಿಸೋಡಿನಲ್ಲಿ ಕಪ್ಪು ಕನ್ನಡಕದ ಯಾಕುಜಾ, ಅಂದರೆ ಅಲ್ಲಿನ ರೌಡಿ ಗ್ಯಾಂಗಿನವನೊಬ್ಬ ಬಂದು ಕೆಂಪು ಸಾಸೇಜನ್ನು ಮಕ್ಕಳ ಡಬ್ಬಿಗೆ ಮಾಡಿದ ಹಾಗೆ ಆಕ್ಟೋಪಸ್ ಆಕಾರಕ್ಕೆ ಸೀಳಿ ಹುರಿದು ಕೊಡು ಅಂತಾನೆ. ಪಕ್ಕದಲ್ಲಿ ಕೂತ, ಗೇ ಬಾರ್ ನಡೆಸೋ ವಯಸ್ಸಾದ ಮನುಷ್ಯನ ತಟ್ಟೆಯಲ್ಲಿ ಸಿಹಿ ಮೊಟ್ಟೆ ಆಮ್ಲೆಟ್ಟು. ಇಬ್ಬರೂ ತಟ್ಟೆ ಬದಲಾಯಿಸಿ ರುಚಿ ನೋಡ್ತಾರೆ. ನೀನು ಯಾರು, ಯಾಕೆ ಹೀಗಿದ್ದೀಯ ಅಂತ ಯಾರೂ ಯಾರನ್ನೂ ಕೇಳಲ್ಲ. ಕೊರಿಯನ್ ನೋಡಿ ಬಂದವರಿಗೆ ಕಥೆ ಎಲ್ಲಿ ಅನ್ನಿಸುತ್ತೆ. ಒಂದಾದ ಮೇಲೊಂದು ಗಬಗಬ ನೋಡಿದರೆ ಅದು ದಕ್ಕಲ್ಲ. ದಿನಕ್ಕೊಂದು ನೋಡಿ, ಸಾಕು.

ಎಲ್ಲವೂ ಚಿನ್ನ ಅಂತ ಹೇಳಲ್ಲ. ಡಾಕ್ಟರ್ ಎಕ್ಸ್ ಅಂತ ಬಹಳ ಜನಪ್ರಿಯವಾದದ್ದೊಂದಿದೆ, 2012ರಲ್ಲಿ ಶುರುವಾದದ್ದು. ನಾನು ಸೋಲೋದೇ ಇಲ್ಲ ಅಂತ ಎಪಿಸೋಡಿಗೊಂದು ಸಲ ಹೇಳೋ ಸರ್ಜನ್. ನನಗೆ ಅದನ್ನು ನೋಡೋಕೆ ಆಗಲ್ಲ. ಆಪರೇಷನ್ ಥಿಯೇಟರಿನಲ್ಲಿ ಸೋಲು ನೋಡಿದವರು ಬರೆದ ಮಾತಲ್ಲ ಅದು. ನರ್ಸುಗಳಂತೂ ಹಿಂದೆ ನಿಂತು ಬೆರಗಾಗೋದಕ್ಕೆ ಮಾತ್ರ ಇದ್ದಾರೆ. ಇನ್ನು ನಮ್ಮ ದೇಶದಲ್ಲಿ ಇವು ಸಿಗೋದೇ ಕಷ್ಟ. ಅಲ್ಲಿನ ಚಾನೆಲ್ಲುಗಳಿಗೆ ತಮ್ಮ ದೇಶದ ಪ್ರೇಕ್ಷಕರೇ ಸಾಕಾಗಿತ್ತು, ಹೊರಗಿನವರ ಬಗ್ಗೆ ಬಹಳ ಕಾಲ ತಲೆ ಕೆಡಿಸಿಕೊಳ್ಳಲಿಲ್ಲ. ಕಲಾವಿದರ ಏಜೆನ್ಸಿಗಳೂ ಆನ್‌ಲೈನ್ ಅಂದರೆ ಬಿಗಿ ಹಿಡೀತಿದ್ದವು. ಟಿವರ್ ಅನ್ನೋ ಅವರದೇ ಆ್ಯಪ್ ಇದೆ, ಜಪಾನಿನ ಹೊರಗೆ ತೆರೆಯಲ್ಲ. ಇಷ್ಟು ಒಳ್ಳೆಯ ಬರವಣಿಗೆಯನ್ನು ಹೀಗೆ ಬಾಗಿಲು ಹಾಕಿ ಇಟ್ಟುಕೊಂಡಿದ್ದಾರಲ್ಲ ಅಂತ ನನಗೆ ಸಂಕಟ ಆಗುತ್ತೆ.

ಯೊಕೊಹಾಮಾದಿಂದ

ನೈಟ್ ಡ್ಯೂಟಿ ಮೇಡಂ ಬರೆದದ್ದಕ್ಕೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ. ಕುಮಟಾ ಕಡೆಯವನು, ಕೆಲಸದ ಮೇಲೆ ಇಲ್ಲಿದ್ದೇನೆ.

ಅಮ್ಮನ ಜೊತೆ ನೋಡುವುದಕ್ಕೆ ಅಂದಿರಿ. ಇಲ್ಲಿ ಬೆಳಿಗ್ಗೆ ಎಂಟಕ್ಕೆ ಎನ್‌ಎಚ್‌ಕೆ ಎಂಬ ಸಾರ್ವಜನಿಕ ಚಾನೆಲ್ಲಿನಲ್ಲಿ ಹದಿನೈದು ನಿಮಿಷದ ಧಾರಾವಾಹಿ ಬರುತ್ತದೆ. 1961ರಿಂದ ನಡೆದುಕೊಂಡು ಬಂದ ಪದ್ಧತಿ. ಪರದೆಯ ಮೂಲೆಯಲ್ಲಿ ಗಡಿಯಾರದ ಅಂಕಿ ಓಡುತ್ತಿರುತ್ತದೆ, ಅದನ್ನೇ ನೋಡಿ ಜನ ಬೂಟು ಹಾಕಿಕೊಂಡು ಹೊರಡುತ್ತಾರೆ. ಈ ಜಾಗದಲ್ಲಿ 1983ರಲ್ಲಿ ಬಂದದ್ದು ಓಶಿನ್. ಬರೆದವರು ಹಾಶಿದಾ ಸುಗಾಕೊ. ಒಂದು ಮೂಟೆ ಅಕ್ಕಿಗೆ ಏಳು ವರ್ಷದ ಮಗಳನ್ನು ಜೀತಕ್ಕೆ ಕಳಿಸುವ ಯಾಮಾಗಾತಾ ಸೀಮೆಯ ಬಡ ಒಕ್ಕಲಿನ ಮನೆ. ಹಿಮ ಬೀಳುವಾಗ ಮೊಗಾಮಿ ನದಿಯಲ್ಲಿ ತೆಪ್ಪದ ಮೇಲೆ ಆ ಮಗು ಹೊರಡುತ್ತದೆ. 297 ಕಂತು, ಸರಾಸರಿ ರೇಟಿಂಗೇ 52.6. ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರವಾಗಿದೆ. 2024ರಲ್ಲಿ ಬಂದ ತೊರಾ ನಿ ತ್ಸುಬಾಸಾ ಕೂಡ ಸೊಗಸು. ಜಪಾನಿನ ಮೊದಲ ಮಹಿಳಾ ವಕೀಲರಲ್ಲಿ ಒಬ್ಬರಾಗಿ ಮುಂದೆ ನ್ಯಾಯಾಧೀಶೆಯಾದ ಮಿಬುಚಿ ಯೊಶಿಕೊ ಅವರ ಬದುಕಿನ ಆಧಾರ ಅದಕ್ಕೆ.

ಆದರೆ ನನ್ನ ಆಯ್ಕೆ ಕಿತಾ ನೊ ಕುನಿ ಕಾರಾ. ಕುರಾಮೊತೊ ಸೋ ಬರೆದದ್ದು. ಹೆಂಡತಿ ಬಿಟ್ಟುಹೋದ ಗೊರೊ ಅನ್ನುವವನು ಇಬ್ಬರು ಮಕ್ಕಳನ್ನು ಟೋಕಿಯೋದಿಂದ ಹೊಕ್ಕಾಯ್ಡೊದ ಫುರಾನೊಗೆ, ಕರೆಂಟಿಲ್ಲದ ಮುರುಕಲು ಮನೆಗೆ ಕರೆದೊಯ್ಯುತ್ತಾನೆ. 1981ರಲ್ಲಿ ಶುರುವಾಗಿ 24 ಕಂತು, ಆಮೇಲೆ ಕೆಲವು ವರ್ಷಕ್ಕೊಂದರಂತೆ ವಿಶೇಷ ಕಂತುಗಳು, ಮುಗಿದದ್ದು 2002ರಲ್ಲಿ. ಮಕ್ಕಳ ಪಾತ್ರ ಮಾಡಿದ ಇಬ್ಬರೂ ಕೊನೆಯವರೆಗೆ ಅವರೇ. ಅವರು ದೊಡ್ಡವರಾಗುವುದನ್ನು ಇಡೀ ದೇಶ ನೋಡಿತು.

1987ರ ಕಂತಿನಲ್ಲಿ ಮಗ ಜುನ್ ಊರು ಬಿಟ್ಟು ಟೋಕಿಯೋಗೆ ಹೊರಡುತ್ತಾನೆ. ಅಪ್ಪ ಒಬ್ಬ ಲಾರಿ ಡ್ರೈವರಿಗೆ ಹೇಳಿ ಕೂರಿಸಿರುತ್ತಾನೆ. ದಾರಿಯಲ್ಲಿ ಡ್ರೈವರ್ ಒಂದು ಲಕೋಟೆ ತೋರಿಸಿ, ಇದು ನಿಮ್ಮಪ್ಪ ಬಾಡಿಗೆಗೆ ಅಂತ ಕೊಟ್ಟದ್ದು, ನನಗೆ ಬೇಡ, ನೀನು ಇಟ್ಟುಕೋ, ಖರ್ಚು ಮಾಡಬೇಡ ಅನ್ನುತ್ತಾನೆ. ಒಳಗೆ ಹತ್ತು ಸಾವಿರ ಯೆನ್ನಿನ ಎರಡು ಹೊಸ ನೋಟು. ನೋಟಿನ ಅಂಚಿನಲ್ಲಿ ಮಣ್ಣಿನ ಬೆರಳ ಗುರುತು. ಹುಡುಗನ ಕಣ್ಣಲ್ಲಿ ನೀರು ಬರುತ್ತದೆ. ನನ್ನ ಆಫೀಸಿನ ಐವತ್ತು ದಾಟಿದ ಗಂಡಸರು ಆ ನೋಟಿನ ವಿಷಯ ತೆಗೆದರೆ ಈಗಲೂ ಮಾತು ನಿಲ್ಲಿಸುತ್ತಾರೆ. ನಾನು ಫುರಾನೊಗೆ ಹೋಗಿ ಗೊರೊನ ಕಲ್ಲಿನ ಮನೆ ನೋಡಿ ಬಂದೆ, ಹಾಗೇ ಉಳಿಸಿಕೊಂಡಿದ್ದಾರೆ. ಗೊರೊ ಪಾತ್ರದ ತನಾಕಾ ಕುನಿಯೆ 2021ರಲ್ಲಿ ತೀರಿಕೊಂಡರು.

ಹೊಳೆಸಾಲು

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ರಾತ್ರಿ ಅಮ್ಮನ ಜೊತೆ ಅನ್‌ನ್ಯಾಚುರಲ್ ಮೊದಲ ಎಪಿಸೋಡ್ ನೋಡಿದೆ ಅಕ್ಕ. ಶವದ ಸೀನಿಗೆ ಅಮ್ಮ ಮುಖ ತಿರುಗಿಸಿಕೊಂಡರು, ಆದರೆ ಎದ್ದು ಹೋಗಲಿಲ್ಲ. ಆ ಹುಡುಗನ ಅಪ್ಪ ಅಮ್ಮನನ್ನು ಜನ ಬೈಯೋ ಹೊತ್ತಿಗೆ, ನಮ್ಮ ಬೀದಿ ಕೊನೇ ಮನೆಗೆ ತಗಡು ಹೊಡೆದಿದ್ದರಲ್ಲ, ನಾವು ಆ ಕಡೆ ಹಾಲು ತರೋಕೂ ಹೋಗ್ತಿರಲಿಲ್ಲ ಅಂದರು. ಆಮೇಲೆ ಎಪಿಸೋಡ್ ಮುಗಿಯೋವರೆಗೂ ಮಾತಿಲ್ಲ. ಮಲಗೋ ಮುಂಚೆ, ಆ ಡಾಕ್ಟರ್ ಹುಡುಗಿಗೆ ಮದುವೆಯಾಗುತ್ತಾ ಅಂತ ಕೇಳಿದರು.

ಒಂದು ಪ್ರಶ್ನೆ. ಇದು ಮುಗಿಸಿ ಕ್ವಾರ್ಟೆಟ್ ಹಾಕಲಾ, ಅಥವಾ ಮೊದಲು ನಿಗೇಹಾಜಿ ನೋಡಲಾ? ಇನ್ನೊಂದು, ಹತ್ತು ಎಪಿಸೋಡಿಗೆ ಮುಗಿದುಬಿಟ್ಟರೆ ಆ ಪಾತ್ರಗಳನ್ನು ಬಿಟ್ಟು ಬರೋದು ಬೇಜಾರಾಗಲ್ವಾ ನಿಮಗೆ?

ನೈಟ್ ಡ್ಯೂಟಿ

ಅಮ್ಮ ಕೂತು ನೋಡಿದರಲ್ಲ, ಬಹಳ ಸಂತೋಷ ಆಯ್ತು. ಮದುವೆ ವಿಷಯ ಎರಡನೇ ಎಪಿಸೋಡಿನಿಂದ ಕೇಳಬೇಡಿ ಅಂತ ಹೇಳಿ, ಆ ಹುಡುಗಿಗೆ ಅದಕ್ಕಿಂತ ದೊಡ್ಡ ಕೆಲಸ ಇದೆ.

ಬೇಜಾರಾಗುತ್ತೆ, ಖಂಡಿತ ಆಗುತ್ತೆ. ಆದರೆ ಮುಗಿದದ್ದರಿಂದಲೇ ಅವರು ನನಗೆ ಕೆಡದೇ ಉಳಿದಿದ್ದಾರೆ. ಟಿಆರ್‌ಪಿ ಬಿದ್ದಿತು ಅಂತ ಮಿಕೊತೊಗೆ ಯಾರೂ ಅವಳಿ ತಂಗಿಯನ್ನು ತರಲಿಲ್ಲ, ನೆನಪು ಹೋಗಿಸಲಿಲ್ಲ. ನೋಗಿ 2020ರಲ್ಲಿ ಎಂಐಯು404 ಅಂತ ಪೊಲೀಸ್ ಕಥೆ ಬರೆದರು. ಅನ್‌ನ್ಯಾಚುರಲ್ ನಡೆಯೋ ಲೋಕದಲ್ಲೇ ಅದೂ ನಡೆಯುತ್ತೆ, ಪರಿಚಯದ ಮುಖ ಸಿಕ್ಕರೆ ಅಮ್ಮನಿಗೂ ಖುಷಿ. ಪಿಸ್ತೂಲು ಕಮ್ಮಿ, ಓಡಾಟ ಜಾಸ್ತಿ.

ಮೊದಲು ನಿಗೇಹಾಜಿ ನೋಡಿ. ಅಮ್ಮ ನಗ್ತಾರೆ, ಸಂಬಳದ ಲೆಕ್ಕ ಬಂದಾಗ ನಿಲ್ಲಿಸಿ ಅವರ ಲೆಕ್ಕವನ್ನೂ ಕೇಳಿ. ಕೊನೆಯಲ್ಲಿ ಹೆಸರು ಬರೋವಾಗ ಎಲ್ಲರೂ ಕುಣೀತಾರೆ, ಅದನ್ನು ಸ್ಕಿಪ್ ಮಾಡಬೇಡಿ. ಆ ಜೋಡಿ, ಅರಾಗಾಕಿ ಯೂಯಿ ಮತ್ತು ಹೊಶಿನೊ ಗೆನ್, 2021ರಲ್ಲಿ ನಿಜವಾಗಿಯೂ ಮದುವೆಯಾದರು. ಅಮ್ಮನ ಮದುವೆ ಆಸೆ ಅಲ್ಲಿ ತೀರುತ್ತೆ.

ಕ್ವಾರ್ಟೆಟ್ ಆಮೇಲೆ. ಅದು ನೀವೊಬ್ಬರೇ ಒಂದು ಸಲ ನೋಡಿ, ಆಮೇಲೆ ಅಮ್ಮನಿಗೆ ಹಾಕಿ. ಸಾಕಾಮೊತೊ ಬರೆಯೋ ಮಾತು ದಡದಡ ಬರುತ್ತೆ, ಓದಿ ಕನ್ನಡದಲ್ಲಿ ಹೇಳೋ ಹೊತ್ತಿಗೆ ಮುಂದಿನ ಮಾತು ದಾಟಿಹೋಗಿರುತ್ತೆ. ನೀವು ಮೊದಲೇ ನೋಡಿದ್ದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುತ್ತೆ. ಯಾವುದು ಎಲ್ಲಿ ಸಿಗುತ್ತೆ ಅನ್ನೋದು ಆಗಾಗ ಬದಲಾಗ್ತಿರುತ್ತೆ, ಹೆಸರು ಹಾಕಿ ಹುಡುಕಿ. ಸಬ್‌ಟೈಟಲ್ ಎರಡು ಮೂರು ಥರದ್ದು ಇದ್ದರೆ ಉದ್ದದ್ದನ್ನೇ ಆರಿಸಿ. ಚಿಕ್ಕದರಲ್ಲಿ ನಿಂಬೆಹಣ್ಣಿನ ಜಗಳ ಅರ್ಧ ಮಾಯವಾಗಿರುತ್ತೆ.

ಯೊಕೊಹಾಮಾ ಸರ್, ಕಿತಾ ನೊ ಕುನಿ ಕಾರಾ ಇಂಗ್ಲಿಷ್ ಸಬ್‌ಟೈಟಲ್ ಇರೋ ಡಿವಿಡಿ ಅಲ್ಲಿ ಎಲ್ಲಾದರೂ ಕಂಡರೆ ದಯವಿಟ್ಟು ಇಲ್ಲಿ ಹಾಕಿ. ಆ ಎರಡು ನೋಟು ನಾನು ನೋಡಲೇಬೇಕು.